ಮೇಜಿನ ಮೇಲಣ ಗಗನ

ವಿಮಾನಯಾನವನ್ನು ಮನೆಯ ಗಣಕಯಂತ್ರಕ್ಕೆ ಇಳಿಸಿ ತಂದವನು ಅಮೆರಿಕದ ಬ್ರೂಸ್ ಆರ್ಟ್‌ವಿಕ್. ಹಾರುವವನ ಕಣ್ಣಿಗೆ ಕಾಣುವ ದೃಶ್ಯವನ್ನು ಯಂತ್ರವು ಆಯಾ ಕ್ಷಣದಲ್ಲಿಯೇ ರಚಿಸುವ ಬಗೆಯನ್ನು 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತನ್ನ ಪ್ರೌಢಪ್ರಬಂಧದಲ್ಲಿ ನಿರೂಪಿಸಿದ ಈತನು, ಮುಂದೆ ಆಪಲ್ ಯಂತ್ರಕ್ಕೆಂದು ರಚಿಸಿದ ಆಟದಲ್ಲಿ ನೆಲವೆಂದರೆ ಚೌಕುಳಿ ಗೆರೆಗಳು, ಪರ್ವತವೆಂದರೆ ಕೆಲವು ತ್ರಿಕೋನಗಳು, ಅಷ್ಟೆ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದರ ಸುಧಾರಿತ ರೂಪವನ್ನು ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಹೆಸರಿನಿಂದ ಹೊರತಂದಿತು. ಅದರ ಆಟಗಾರರು ಮೇಲೇರುತ್ತಿದ್ದುದು ಶಿಕಾಗೋ ನಗರದ ಸರೋವರತೀರದ ಮೀಗ್ಸ್ ಫೀಲ್ಡಿನಿಂದ; 2003ರಲ್ಲಿ ಮೇಯರರ ಆಜ್ಞೆಯಂತೆ ಬುಲ್ಡೋಜರುಗಳು ಅದರ ರನ್‌ವೇಯನ್ನು ರಾತ್ರೋರಾತ್ರಿ ಅಗೆದುಹಾಕಿದ ಮೇಲೆ, ಆ ನಿಲ್ದಾಣವು ಹಳೆಯ ಡಿಸ್ಕುಗಳಲ್ಲಿ ಮಾತ್ರ ಉಳಿಯಿತು.

ಶತ್ರುವನ್ನು ಅಟ್ಟದೆಯೂ ಹಾರಬಹುದಾದ, ಇಷ್ಟು ದರಿದ್ರವಾದ ಚಿತ್ರದ ಈ ಆಟದಲ್ಲಿ ಜನರು ತಲ್ಲೀನರಾದುದೇಕೆಂದರೆ, ಅದರೊಳಗಣ ಗಾಳಿಯು ದಾಕ್ಷಿಣ್ಯವನ್ನರಿಯದು. ಬೇಗನೆ ಮೇಲೇರುವ ಆತುರದಿಂದ ಹೊಸಬನು ವಿಮಾನದ ಮೂತಿಯನ್ನು ಎತ್ತುತ್ತ ಹೋದಂತೆ ವೇಗ ಕುಗ್ಗುತ್ತದೆ. ರೆಕ್ಕೆಗೂ ಎದುರುಗಾಳಿಗೂ ನಡುವಣ ಕೋನವು ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ, ರೆಕ್ಕೆಯ ಮೇಲ್ಮೈಯನ್ನು ಅಪ್ಪಿ ಹರಿಯುತ್ತಿದ್ದ ಗಾಳಿ ಸಿಡಿದು ಬೇರ್ಪಟ್ಟು, ಎತ್ತಿ ಹಿಡಿದಿದ್ದ ಬಲವು ಕುಸಿಯುತ್ತದೆ. ಆಗ ಬೀಳುವ ಭಯದಿಂದ ಮೂತಿಯನ್ನು ಇನ್ನಷ್ಟು ಎತ್ತುವವನು ಕೆಟ್ಟ. ಸಹಜಬುದ್ಧಿಗೆ ವಿರುದ್ಧವಾಗಿ ಅದನ್ನು ತಗ್ಗಿಸಿದವನು ಬದುಕಿದ. ಆಸ್ಟಿನ್ ಮೇಯರ್ ರಚಿಸಿದ ‘ಎಕ್ಸ್-ಪ್ಲೇನ್’ ಎಂಬ ಆಟವಂತೂ ರೆಕ್ಕೆಯನ್ನು ಸಣ್ಣ ಸಣ್ಣ ಖಂಡಗಳಾಗಿ ವಿಭಜಿಸಿ, ಪ್ರತಿಯೊಂದರ ಮೇಲಣ ಬಲವನ್ನೂ ಕ್ಷಣಕ್ಷಣಕ್ಕೆ ಗಣಿಸುತ್ತದೆ.

ಚಿತ್ರದ ವೈಭವ ಬಂದುದು ತಡವಾಗಿ. ಮೈಕ್ರೋಸಾಫ್ಟಿನ 2020ರ ಆವೃತ್ತಿಯು ಉಪಗ್ರಹ ಹಾಗೂ ವಿಮಾನಗಳಿಂದ ತೆಗೆದ ಚಿತ್ರಗಳ ಆಧಾರದಿಂದ ಸಮಸ್ತ ಭೂಮಂಡಲವನ್ನೇ ಪರದೆಗೆ ತಂದಿತು. ಮೆಲ್ಬರ್ನ್ ನಗರದ ಒಂದು ಸಾಧಾರಣ ಮನೆಗೆ ನಕಾಶೆಯಲ್ಲಿ ಯಾರೋ 2 ಅಂತಸ್ತಿನ ಬದಲು 212 ಎಂದು ನಮೂದಿಸಿದ್ದುದರಿಂದ, ಅಲ್ಲಿ ಮುಗಿಲು ಮುಟ್ಟುವ ಸ್ತಂಭವೊಂದು ಎದ್ದು ನಿಂತುದೂ ಉಂಟು! ಕಣ್ಣಿಗೆ ಕಾಣುವ ಸತ್ಯಕ್ಕಿಂತ ರೆಕ್ಕೆಗೆ ತಾಗುವ ಸತ್ಯವೇ ನನಗೆ ಹೆಚ್ಚಿನದಾಗಿ ತೋರುತ್ತದೆ.

ಕುರ್ಚಿಯಲ್ಲಿ ಕುಳಿತವನ ದೇಹಕ್ಕೆ ವಿಮಾನದ ವಾಲಾಟವು ತಿಳಿಯದೆಂಬ ಆಕ್ಷೇಪಣೆ ನಿಜವೇ. ಆದರೆ ಮೋಡದೊಳಗೆ ಹಾರುವಾಗ ಒಳಕಿವಿಯ ಸಂವೇದನೆ ಮೋಸಮಾಡುವುದರಿಂದ, ದೇಹವನ್ನು ನಂಬದೆ ಉಪಕರಣಗಳನ್ನೇ ನಂಬಬೇಕೆಂದು ನಿಜವಾದ ಚಾಲಕನಿಗೂ ಕಲಿಸುತ್ತಾರೆ. ಅಂಥಲ್ಲಿ ಆಟಗಾರನಿಗೆ ಹೆಚ್ಚಿನ ನಷ್ಟವಿಲ್ಲ. ತೊಡಕೆಲ್ಲ ನಿರ್ಮಲವಾದ ಆಕಾಶದಲ್ಲಿಯೇ: ಆಟದಲ್ಲಿ ಪಳಗಿ ಬಂದ ಶಿಷ್ಯನು ಕಿಟಕಿಯಾಚೆಗೆ ದೃಷ್ಟಿ ಹಾಯಿಸದೆ ಮುಳ್ಳುಗಳನ್ನೇ ದಿಟ್ಟಿಸುತ್ತ ಕೂರುತ್ತಾನೆಂದು ತರಬೇತುದಾರರು ಗೊಣಗುವುದುಂಟು.