ನಿಮಗಿದು ಗೊತ್ತೆ? ಮೂರನೇ ದಿನ ಸೋಲುವ ಹೊಲಿಗೆ

ಕತ್ತರಿಸಿ ಜೋಡಿಸಿದ ಕರುಳು ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಮೂರ್ನಾಲ್ಕನೇ ದಿನ ಹೆಚ್ಚು ದುರ್ಬಲವಾಗಿರುತ್ತದೆ! ಗಾಯದಂಚಿನ ಹಳೆಯ ಕೊಲಾಜೆನ್ ಕರಗುವಷ್ಟು ಬೇಗ ಹೊಸದು ಹುಟ್ಟುವುದಿಲ್ಲ. ಹೊಸದು ಸಾಕಷ್ಟು ಕೂಡುವವರೆಗೆ ಜೋಡಣೆಯನ್ನು ಹಿಡಿದಿಡುವುದು ದಾರ ಮಾತ್ರ.

ಹಾಗಾಗಿ ಹೊಲಿಯುವ ಕೈಚಳಕಕ್ಕೆ ಇಷ್ಟು ಬೆಲೆ. ಗಂಟು ಸಡಿಲವಾದರೆ ಸೋರಿಕೆ. ಅತಿ ಬಿಗಿಯಾದರೂ ಸೋರಿಕೆಯೇ, ಏಕೆಂದರೆ ರಕ್ತ ಹರಿಯದೆ ಅಂಚು ಸಾಯುತ್ತದೆ. ಕರುಳನ್ನು ಎಳೆದು ಕೂಡಿಸಿದರೂ ಅದೇ ಪಾಡು.

ಕರುಳಿನ ಹೊರಪದರಗಳು ಒಂದಕ್ಕೊಂದು ತಾಗುವಂತೆ ಅಂಚನ್ನು ಒಳಮಡಚಿ ಹೊಲಿಯಬೇಕೆಂದು ಫ್ರಾನ್ಸಿನ ಆಂಟ್ವಾನ್ ಲಾಂಬೇರ್ 1826ರಲ್ಲಿ ತೋರಿಸಿಕೊಟ್ಟರು. ದಾರವನ್ನು ನಿಜಕ್ಕೂ ಹಿಡಿಯುವುದು ಲೋಳೆಪೊರೆಯ ಕೆಳಗಿನ ತೆಳು ಪದರವೆಂದು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1887ರಲ್ಲಿ ವಿವರಿಸಿದರು. ಸೂಜಿ ಆ ಪದರವನ್ನು ತಪ್ಪಿಸಿದರೆ ಹೊಲಿಗೆ ನೋಡಲು ಎಷ್ಟೇ ಚೆಂದವಿದ್ದರೂ ನಿಲ್ಲದು. ಇವರಿಬ್ಬರಿಗಿಂತ ಬಹಳ ಹಿಂದೆಯೇ ಸುಶ್ರುತ ಸಂಹಿತೆ ದಾರದ ಗೊಡವೆಯನ್ನೇ ಬಿಟ್ಟಿತ್ತು: ಹರಿದ ಕರುಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ತಲೆಯನ್ನಷ್ಟೇ ಉಳಿಸಿ ದೇಹ ಕತ್ತರಿಸಬೇಕೆಂದು ಅದು ಹೇಳುತ್ತದೆ.

ಸೋರಿಕೆ ಹೆಚ್ಚಾಗಿ ಬಯಲಾಗುವುದು ಐದರಿಂದ ಏಳನೇ ದಿನದ ಹೊತ್ತಿಗೆ. ಜ್ವರ, ಹೊಟ್ಟೆನೋವು, ಏರಿದ ನಾಡಿಬಡಿತ ಅದರ ಸುಳಿವು. ಒಮ್ಮೊಮ್ಮೆ ನಾಡಿಯೊಂದೇ ಮೊದಲು ಏರುತ್ತದೆ. ಸೇಲಂ, ಧರ್ಮಪುರಿಯ ಆಸ್ಪತ್ರೆಗಳಿಂದ ಬೇಗ ಬಿಡುಗಡೆಯಾಗಿ ಯೇರ್ಕಾಡು ಬೆಟ್ಟಕ್ಕೋ ಪೆನ್ನಾಗರಂ ಕಡೆಗೋ ಮರಳಿದವರಲ್ಲಿ ಇವು ಕಂಡರೆ ಅಂದೇ ಆಸ್ಪತ್ರೆಗೆ ಹಿಂತಿರುಗಬೇಕು.