ಸಿಪ್ಯಾಪ್ ಹಾಕಿಕೊಂಡು ಮಲಗುವವರ ದಿಂಬು, ಕೌದಿ

ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ನಿಲ್ಲದಂತೆ, ಸಿಪ್ಯಾಪ್ ಯಂತ್ರ ಮಾಸ್ಕ್ ಮೂಲಕ ಒತ್ತಡದ ಗಾಳಿ ಕಳಿಸುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಚಿಕಿತ್ಸೆಯನ್ನು ವರದಿ ಮಾಡಿದರು.

ಮಾಸ್ಕಿಗೆ ಮೊದಲ ವೈರಿ ದಿಂಬು. ಹತ್ತಿ ಗಿಡಿದ ಗಟ್ಟಿ ದಿಂಬಿನ ಮೇಲೆ ಮಗ್ಗುಲಾದರೆ ಮಾಸ್ಕ್ ಓರೆಯಾಗುತ್ತದೆ. ಸೋರಿದ ಗಾಳಿ ನೇರ ಕಣ್ಣಿಗೆ ಹೊಡೆಯುತ್ತದೆ. ಎರಡು ಹಿಡಿ ಹತ್ತಿ ತೆಗೆದು, ಅಂಚಿನಲ್ಲಿ ಅಂಗೈಯಗಲದ ಗುಳಿ ಮಾಡಿ, ಕೆನ್ನೆ ದಿಂಬಿನ ಮೇಲೆ, ಮಾಸ್ಕ್ ಗುಳಿಯೊಳಗೆ ಬರುವಂತೆ ಮಲಗಬಹುದು. ಅಂಚು ಕತ್ತರಿಸಿದ ಸಿಪ್ಯಾಪ್ ದಿಂಬುಗಳೂ ಸಿಗುತ್ತವೆ. ಮೊದಲು ಮನೆಯ ದಿಂಬನ್ನೇ ತಿದ್ದಿ ನೋಡುವುದು ಜಾಣತನ. ದಿಂಬು ಎತ್ತರವಾದರೆ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರಿಗೆ ಮಾಸ್ಕಿನ ಸಿಲಿಕೋನ್ ಜಾರುವುದರಿಂದ ತೆಳು ಹತ್ತಿ ಬಟ್ಟೆಯ ಗಲೀಫೇ ಮೇಲು. ಸಿಮೆಂಟಿನ ವಾಡಿ, ಕಲ್ಲುಗಣಿಯ ಶಹಾಬಾದಿನಂಥ ದೂಳಿನ ಊರುಗಳಲ್ಲಿ ಗಲೀಫನ್ನು ವಾರಕ್ಕೊಮ್ಮೆಯಾದರೂ ಒಗೆಯಬೇಕು, ಯಂತ್ರದ ಫಿಲ್ಟರನ್ನೂ ನೋಡುತ್ತಿರಬೇಕು.

ಕುಂಚಾವರಂ ಕಾಡಂಚಿನ ಚಳಿಗಾಲದ ತೊಂದರೆಯೇ ಬೇರೆ: ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿನ ಹಬೆ ತಣ್ಣಗಿನ ಪೈಪಿನಲ್ಲಿ ನೀರಾಗಿ ಗೊರಗೊರ ಎನ್ನುತ್ತದೆ. ಪೈಪಿಗೆ ಬಟ್ಟೆ ಸುತ್ತಿ, ಯಂತ್ರವನ್ನು ತಲೆಗಿಂತ ಕೆಳಗಿಟ್ಟರೆ ನೀರು ಮೂಗಿಗೆ ಬಾರದು. ಭಾರದ ಕೌದಿ ಎಳೆಯದಂತೆ ಪೈಪನ್ನು ತಲೆಯ ಮೇಲಿನಿಂದ ಹಾಯಿಸಬೇಕು.

ಇಷ್ಟಾದರೂ ಗಾಳಿ ಸೋರಿದರೆ ತಪ್ಪು ಹಾಸಿಗೆಯದಲ್ಲ, ಮಾಸ್ಕಿನ ಅಳತೆಯದಿರಬಹುದು, ವೈದ್ಯರಿಗೆ ತೋರಿಸಿ.