ಮನೆಗೊಂದು ಹೆಸರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮನೆಗೆ ಹೆಸರಿಟ್ಟು ನೋಡು ಎಂಬ ಮೂರನೆಯ ಮಾತನ್ನೇಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಅವರ ಕಾಲಕ್ಕೆ ಆ ಕಷ್ಟವೇ ಇರಲಿಲ್ಲ. ಮನೆ ಕಟ್ಟುವುದು ಒಡೆಯನ ಕೆಲಸ. ಹೆಸರಿಡುವುದು ಊರಿನವರ ಕೆಲಸ. ಮೇಗಲಮನೆ, ದೊಡ್ಡಮನೆ, ಬಾವಿಮನೆ, ಹುಣಿಸೆಮರದ ಮನೆ: ಬೀಗರಿಗೂ ಸಾಲ ವಸೂಲಿಗೆ ಬರುವವನಿಗೂ ಅಷ್ಟು ಗುರುತು ಸಾಕಾಗಿತ್ತು. ಕರಾವಳಿಯಲ್ಲಿ ಈ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲದ ಹೆಸರು ಮನೆಗೂ ಮನೆಯ ಹೆಸರು ಮನುಷ್ಯನಿಗೂ ಹತ್ತಿತು. ಮುಳಿಯ ತಿಮ್ಮಪ್ಪಯ್ಯ, ಸೇಡಿಯಾಪು ಕೃಷ್ಣಭಟ್ಟ, ಕಡೆಂಗೋಡ್ಲು ಶಂಕರಭಟ್ಟ ಎನ್ನುವಾಗ ನಾವು ವಿದ್ವಾಂಸರನ್ನು ಮಾತ್ರವಲ್ಲದೆ ಅವರ ಅಂಗಳವನ್ನೂ ನೆನೆಯುತ್ತೇವೆ.

ಹದಿನೆಂಟು ವರ್ಷಗಳನ್ನು ಪಟ್ಟಣದ ಬಾಡಿಗೆ ಮನೆಗಳಲ್ಲಿ ಕಳೆದ ನನಗೆ ಈ ಚಿಂತೆ ಬಂದಿರಲಿಲ್ಲ. ಅಲ್ಲಿ ಮನೆಗೆ ಸಂಖ್ಯೆಯುಂಟು; ಹೆಸರೇನಾದರೂ ಇದ್ದರೆ ಅದು ಮನೆಯೊಡೆಯರದು. ಕಳೆದ ವರ್ಷ ಪಟ್ಟಣಕ್ಕೆ ಹತ್ತು ಕಿಲೋಮೀಟರು ದೂರದ ಹಳ್ಳಿಯೊಂದರ ಅಂಚಿನಲ್ಲಿ, ಕೆರೆಯ ಹಿಂಬದಿಗೆ, ಅರ್ಧ ಎಕರೆ ಕೊಂಡು ಒಂದು ಹೆಂಚಿನ ಮನೆ ಕಟ್ಟಿಸಿದೆ. ಗೋಡೆ ಎದ್ದಿತು, ಹೆಂಚು ಕೂತಿತು. ಗೃಹಪ್ರವೇಶದ ಕರೆಯೋಲೆ ಅಚ್ಚಿಗೆ ಹೋಗಬೇಕೆನ್ನುವಾಗ ಹೆಸರಿನ ಪ್ರಶ್ನೆ ಎದ್ದಿತು.

ಸಲಹೆಗಳಿಗೇನೂ ಬರಗಾಲವಿರಲಿಲ್ಲ. ಅಣ್ಣನವರು ಕುಲದೇವರ ಹೆಸರಿಗೆ ‘ನಿಲಯ’ವನ್ನು ಸೇರಿಸಿದರು. ನನ್ನಾಕೆ, ಅತ್ತೆಯವರ ಹೆಸರಿಡೋಣವೆಂದು ಎಲ್ಲರ ಬಾಯಿ ಕಟ್ಟುವ ಸೂಚನೆ ಕೊಟ್ಟಳು. ಹೆಸರಿನ ಒಡತಿಯಾದ ನನ್ನ ತಾಯಿಯವರು ಮಾತ್ರ, ಬದುಕಿರುವವರ ಹೆಸರನ್ನು ಕಲ್ಲಿನಲ್ಲಿ ಕೊರೆಸಬಾರದೆಂದು ಅದನ್ನು ಅಲ್ಲಿಗೇ ನಿಲ್ಲಿಸಿದರು. ಸಂಸ್ಕೃತ ವಿಭಾಗದ ಮಿತ್ರರು ‘ಪ್ರಶಾಂತಿ ಕುಟೀರ’ ಎಂದರು. ಕುಟೀರವೆಂದರೆ ಗುಡಿಸಲಷ್ಟೆ, ಈಚೆಗೆ ಅದು ಮೂರಂತಸ್ತಿನ ಮನೆಗಳ ಮೇಲೂ ಸಂಕೋಚವಿಲ್ಲದೆ ಕುಳಿತಿರುತ್ತದೆ.

ಕನ್ನಡದ ಮೇಷ್ಟರಾದ್ದರಿಂದ ನಾನು ಮೊದಲು ಕವಿಗಳ ಮನೆಗಳತ್ತ ನೋಡಿದೆ. ಉದಯಿಸುವ ಸೂರ್ಯನನ್ನು ಆಯುಷ್ಯವಿಡೀ ಹಾಡಿದ ಕುವೆಂಪು ಅವರ ಮೈಸೂರಿನ ಮನೆ ‘ಉದಯರವಿ’. ಅಂಬಿಕಾತನಯದತ್ತನೆಂದು ತಾಯಿಯ ಹೆಸರನ್ನೇ ಹೊತ್ತು ಬರೆದ ಬೇಂದ್ರೆಯವರ ಸಾಧನಕೇರಿಯ ಮನೆ ‘ಶ್ರೀಮಾತಾ’. ಮಕ್ಕಳಿಗಾಗಿ ಕನಸು ಕಂಡ ಶಿವರಾಮ ಕಾರಂತರದು ಪುತ್ತೂರಿನ ‘ಬಾಲವನ’. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಮನೆಗೆ ‘ನಿರುತ್ತರ’ವೆಂದರು; ಕೇಳುವವರಿಗೆ ಅದೇ ಉತ್ತರವೆಂಬಂತಿದೆ ಆ ಹೆಸರು. ಇವೆಲ್ಲ ಬಹಳ ಸೊಗಸಾದ ಹೆಸರುಗಳು. ಆದರೆ ಅವುಗಳ ಸೊಗಸು ಅಕ್ಷರಗಳಲ್ಲಿಲ್ಲ, ಒಳಗಿದ್ದವರ ಬಾಳಿನಲ್ಲಿದೆ. ನಾನು ನನ್ನ ಮನೆಗೆ ‘ಉದಯರವಿ’ ಎಂದು ಬರೆಸಿದರೆ ಪೂರ್ವಕ್ಕೆ ಒಂದು ಕಿಟಕಿಯಿದೆಯೆಂಬುದಷ್ಟೇ ಅದರ ಅರ್ಥವಾದೀತು.

ನಮ್ಮ ವ್ಯಾಕರಣ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆ ಮಾಡುತ್ತದೆ. ಹಿಂದಿನಿಂದ ಬಳಕೆಯಲ್ಲಿ ಬಂದದ್ದು ರೂಢ. ಗುರುತಿಗಾಗಿ ನಾವಾಗಿ ಇಟ್ಟದ್ದು ಅಂಕಿತ. ಗುಣಕ್ಕೋ ವೃತ್ತಿಗೋ ತಕ್ಕಂತೆ ಬಂದದ್ದು ಅನ್ವರ್ಥ. ವಿದ್ಯಾರ್ಥಿಗಳು ಪರೀಕ್ಷೆ ಮುಗಿದೊಡನೆ ಇದನ್ನು ಮರೆಯುತ್ತಾರೆ. ಮನೆ ಕಟ್ಟಿಸಿದ ಮೇಲೆ ನನಗೆ ಇದರ ತತ್ತ್ವ ಹೊಳೆಯಿತು. ಫಲಕದ ಮೇಲೆ ಬರೆಸುವ ಹೆಸರು ಬರಿಯ ಅಂಕಿತ. ಅದು ಅನ್ವರ್ಥವಾಗಬೇಕಾದರೆ ಬದುಕಿ ತೋರಿಸಬೇಕು; ರೂಢವಾಗಬೇಕಾದರೆ ಊರು ಒಪ್ಪಬೇಕು.

ಊರಿನವರ ಬಾಯಲ್ಲಿ ಆ ನೆಲಕ್ಕೆ ಆಗಲೇ ಒಂದು ಹೆಸರಿತ್ತು. ಕ್ರಯಪತ್ರದಲ್ಲಿ ಸರ್ವೆ ನಂಬರಿದೆ, ನಾಲ್ಕು ದಿಕ್ಕಿನ ಚಕ್ಕುಬಂದಿಯಿದೆ. ಈ ಹೆಸರು ಮಾತ್ರ ಅಲ್ಲಿಲ್ಲ. ಇಟ್ಟಿಗೆಯ ಲಾರಿ ದಾರಿ ತಪ್ಪಿ ಕೆರೆಯ ಏರಿಯ ಮೇಲೆ ನಿಂತಾಗ, ದನ ಕಾಯುತ್ತಿದ್ದ ಹುಡುಗನೊಬ್ಬ ಕೈತೋರಿಸಿ, ‘ಕುಂಬಾರಗುಂಡಿಗಾ? ಹಿಂಗೇ ಹೋಗಿ’ ಎಂದ. ನಾನು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಪಕ್ಕದ ಹೊಲದ ಅಜ್ಜಿ ವಿವರ ಹೇಳಿದರು. ಅವರು ಸೊಸೆಯಾಗಿ ಬಂದ ಕಾಲಕ್ಕೆ ಅಲ್ಲಿ ನಾಲ್ಕು ಕುಂಬಾರರ ಮನೆಗಳಿದ್ದುವಂತೆ. ಗುಂಡಿ ತೋಡಿ ಜೇಡಿ ತೆಗೆದು, ಅಲ್ಲಿಯೇ ತಿಗರಿ ತಿರುಗಿಸಿ, ಅಲ್ಲಿಯೇ ಆವಿಗೆ ಸುಡುತ್ತಿದ್ದರಂತೆ. ಅಲ್ಯೂಮಿನಿಯಮ್ಮಿನ ಪಾತ್ರೆ ಬಂದು ಎರಡು ಮನೆ ಹೋದುವು; ಪ್ಲಾಸ್ಟಿಕ್ ಕೊಡ ಬಂದು ಉಳಿದೆರಡೂ ಹೋದುವು. ನೆಲ ಕೈ ಬದಲಾಯಿಸುತ್ತ ಬಂದು ನನ್ನ ಪಾಲಿಗೆ ದಕ್ಕಿತು. ಪಾಯ ತೋಡುವಾಗ ಬುಟ್ಟಿಗಟ್ಟಲೆ ಸಿಕ್ಕಿದ ಬೋಕಿಗಳು ಎಲ್ಲಿಯವೆಂಬುದು ಆಗ ತಿಳಿಯಿತು.

ಮನೆಗೆ ‘ಕುಂಬಾರಗುಂಡಿ’ ಎಂಬ ಹೆಸರೇ ಇರಲೆಂದು ನಾನು ಹೇಳಿದಾಗ ಮನೆಯಲ್ಲಿ ಗುಡುಗು ಹತ್ತಿತು. ‘ಸಾಲ ಮಾಡಿ ಮನೆ ಕಟ್ಟಿ, ಬಾಗಿಲಲ್ಲೇ ಗುಂಡಿ ಅಂತ ಬರೆಸ್ತೀಯೇನಪ್ಪಾ?’ ಎಂದರು ಅಣ್ಣ. ಅಮಂಗಳವೆಂಬುದು ಮೇಲಿನ ಮಾತು. ಒಳಗಿನ ಮಾತು ಬೇರೆ ಇತ್ತು. ನೆಂಟರು ಕರೆಯೋಲೆ ಓದಿ ನಮ್ಮನ್ನು ಯಾರೆಂದುಕೊಂಡಾರು ಎಂಬುದೇ ಆ ಮಾತು. ಹೆಸರಿನ ಚರ್ಚೆ ಬಹುಮಟ್ಟಿಗೆ ಜಾತಿಯ ಚರ್ಚೆಯೇ ಎಂಬುದು ವಾಚಕರಿಗೆ ಹೊಸದಲ್ಲ.

ಇಲ್ಲಿ ನನ್ನ ವೃತ್ತಿ ನನ್ನನ್ನು ಬಿಡಲಿಲ್ಲ. ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯನ್ನು ವರ್ಷವರ್ಷವೂ ತರಗತಿಯಲ್ಲಿ ವರ್ಣಿಸುತ್ತೇನೆ. ಗುಂಡಯ್ಯ ಮಡಕೆ ಬಡಿಯುವ ನಾದಕ್ಕೆ ಶಿವನೇ ಇಳಿದುಬಂದು ಕುಣಿದನೆನ್ನುವಾಗ ನನ್ನ ದನಿ ತಾನಾಗಿ ಏರುತ್ತದೆ. ಪುಸ್ತಕದ ಕುಂಬಾರನಿಗೆ ಆ ಗೌರವ ಕೊಟ್ಟು, ನನ್ನ ಕಾಲ ಕೆಳಗಿನ ಕುಂಬಾರರ ಗುರುತನ್ನು ಒಂದು ‘ನಿಲಯ’ದ ಕೆಳಗೆ ಮುಚ್ಚಿಬಿಟ್ಟರೆ, ನಾಳೆ ತರಗತಿಯಲ್ಲಿ ಯಾವ ಮುಖದಿಂದ ಆ ಪುಟ ತೆರೆಯಲಿ?

ಮತ್ತೊಂದು ಯೋಚನೆಯೂ ಬಂತು. ಕ್ರಿ.ಶ. 450ರ ಸುಮಾರಿನದೆಂದು ಎಣಿಸುವ ಹಲ್ಮಿಡಿ ಶಾಸನದಲ್ಲಿ ವಿಜಾರಸನೆಂಬ ವೀರನಿಗೆ ಬಾಳ್ಗಳ್ಚಾಗಿ ಕೊಟ್ಟ ಊರುಗಳಲ್ಲಿ ಪಲ್ಮಡಿಯೂ ಒಂದು. ಆ ವೀರ ಎಂಥ ಮನೆಯಲ್ಲಿದ್ದನೋ, ಅದಕ್ಕೇನು ಹೆಸರಿತ್ತೋ, ಯಾವುದೂ ಉಳಿದಿಲ್ಲ. ಪಲ್ಮಡಿ ಮಾತ್ರ ಪಕಾರವನ್ನು ಹಕಾರ ಮಾಡಿಕೊಂಡು, ಹಲ್ಮಿಡಿಯಾಗಿ, ಬೇಲೂರು ತಾಲ್ಲೂಕಿನಲ್ಲಿ ಇಂದಿಗೂ ಇದೆ. ಅರಸರ ಅಪ್ಪಣೆಯಿಂದ ಉಳಿದ ಹೆಸರಲ್ಲ ಅದು. ಉಳುವವರು, ದನ ಕಾಯುವವರು, ನೀರಿಗೆ ಹೋಗುವವರು ಒಂದೂವರೆ ಸಾವಿರ ವರ್ಷ ಬಾಯಿಂದ ಬಾಯಿಗೆ ದಾಟಿಸಿ ಉಳಿಸಿದ ಹೆಸರು. ನೆಲದ ಹೆಸರುಗಳು ಬರಹವಿಲ್ಲದವರ ಶಾಸನಗಳು. ಒಂದು ತಲೆಮಾರು ಹೇಳುವುದನ್ನು ನಿಲ್ಲಿಸಿದರೆ ಅವು ಅಳಿಯುತ್ತವೆ. ಅಗೆದು ತೆಗೆಯಲು ಕಲ್ಲೂ ಇರುವುದಿಲ್ಲ.

ಆದರೂ ಒಂದು ಅಳುಕು ಉಳಿದಿತ್ತು. ನೆಲ ಕಳೆದುಕೊಂಡವರ ಹೆಸರನ್ನು ನೆಲ ಕೊಂಡವನು ಬಾಗಿಲಿಗೆ ಹಾಕಿಕೊಳ್ಳುವುದು ಉಚಿತವೇ? ಅಜ್ಜಿ ಹೇಳಿದ ಗುರುತು ಹಿಡಿದು ಪಟ್ಟಣದ ಸಂತೆಗೆ ಹೋದೆ. ಆ ಮನೆತನದ ಹಿರಿಯರೊಬ್ಬರು ಅಲ್ಲಿ ಹಣತೆ, ಹೂಕುಂಡ ಮಾರುತ್ತಾರೆ; ಮಣ್ಣು ಈಗ ಬೇರೆ ಕಡೆಯಿಂದ ಟ್ರಾಕ್ಟರಿನಲ್ಲಿ ಬರುತ್ತದೆ. ವಿಷಯ ಹೇಳಿ, ನಿಮ್ಮ ಒಪ್ಪಿಗೆಯಿದ್ದರೆ ಮಾತ್ರ ಎಂದೆ. ಅವರು ಹಣತೆಗಳನ್ನು ಒಂದರ ಮೇಲೊಂದು ಜೋಡಿಸುವುದನ್ನು ನಿಲ್ಲಿಸದೆ, ‘ಬರೆಸಿ ಸ್ವಾಮಿ. ಮೊಮ್ಮಗನ್ನ ಕರ್ಕೊಂಡು ಬಂದು ತೋರ್ಸೋಕೆ ಅಲ್ಲಿ ಇನ್ನೇನೂ ಇಲ್ಲ’ ಎಂದರು.

ಊರಿಗೆ ಬಂದು ಇದನ್ನು ಹೇಳಿದಾಗ ಅಣ್ಣ ಮಾತಾಡಲಿಲ್ಲ, ಒಪ್ಪಿದರೆಂದೂ ಹೇಳಲಾರೆ. ತಾಯಿಯವರು, ‘ಗುಂಡಿಯಿಲ್ಲದೆ ಗಡಿಗೆ ಎಲ್ಲಿಂದ ಬಂತು?’ ಎಂದು ಒಳಗೆ ಹೋದರು. ಕರೆಯೋಲೆ ಹಾಗೆಯೇ ಅಚ್ಚಾಯಿತು. ಕಲ್ಲುಕುಟಿಗ ಅಕ್ಷರಕ್ಕಿಷ್ಟೆಂದು ಹಣ ಎಣಿಸಿಕೊಂಡು, ‘ನಿಲಯ ಗಿಲಯ ಏನೂ ಬೇಡವಾ?’ ಎಂದು ಕೇಳಿದ. ಬೇಡವೆಂದೆ.